ಅದತ್ತಾದಾನವೋ ಶಾಸ್ತ್ರದಾನವೋ: ಮೂಡುಬಿದಿರೆಯ ಧವಳ ಗ್ರಂಥಗಳು

ತನ್ನದನ್ನು ಅನುಗ್ರಹಕ್ಕಾಗಿ ಬಿಟ್ಟುಕೊಡುವುದೇ ದಾನ ಎಂಬುದು ಜೈನರ ತತ್ತ್ವಾರ್ಥಸೂತ್ರದ ನಿರೂಪಣೆ. ಇದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು, ಆ ಅನುಗ್ರಹವು ಪಡೆದವನಿಗೆ ಮಾತ್ರವಲ್ಲ, ಕೊಟ್ಟವನಿಗೂ ಸಲ್ಲುತ್ತದೆ ಎಂದು ಬಿಡಿಸಿ ಹೇಳುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಈ ತತ್ತ್ವ ಪುಸ್ತಕದಲ್ಲಷ್ಟೇ ಉಳಿದದ್ದಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳವು ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳಿಗೆ ಹೆಸರಾದದ್ದು ಜೈನ ಪರಂಪರೆಯ ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳ ಎಣಿಕೆಯನ್ನು ಅನುಸರಿಸಿಯೇ. ಆದರೆ ಕೊಡುವವನಿಲ್ಲದೆ ದಾನ ನಡೆಯಬಲ್ಲದೇ, ಕೊಡಬೇಕಾದವನು ಕೊಡದೆ ಕುಳಿತಾಗ ತೆಗೆದುಕೊಂಡವನನ್ನು ಏನೆಂದು ಕರೆಯಬೇಕು ಎಂಬ ಕಠಿನ ಪ್ರಶ್ನೆ ಈ ನೆಲದಲ್ಲಿ ಎದ್ದದ್ದು ಅನ್ನದ ವಿಷಯದಲ್ಲಲ್ಲ, ಶಾಸ್ತ್ರದ ವಿಷಯದಲ್ಲಿ.

ಕೊಡುವ ಕ್ರಿಯೆಯೊಳಗೆ ಮೇಲು ಕೀಳಿನ ಲೆಕ್ಕ ಮೊದಲಿನಿಂದಲೂ ಅಡಗಿದೆ ಎಂಬುದಕ್ಕೆ ದ್ರಾವಿಡ ಭಾಷೆಗಳೇ ಸಾಕ್ಷಿ. ಇಂಗ್ಲಿಷಿನ ‘ಗಿವ್’ ಎಂಬ ಒಂದೇ ಕ್ರಿಯಾಪದಕ್ಕೆ ಮಲಯಾಳದಲ್ಲಿ ಎರಡು ಪದಗಳು ಬೇಕಾಗುತ್ತವೆ: ನನಗೋ ನಿನಗೋ ಕೊಡುವುದಾದರೆ ‘ತರುಕ’, ಮೂರನೆಯವನಿಗಾದರೆ ‘ಕೊಡುಕ್ಕುಕ’. ತಮಿಳಿನ ತೊಲ್ಕಾಪ್ಪಿಯಂ ಇನ್ನೂ ಮುಂದೆ ಹೋಗಿ, ಕೇಳುವವನು ಕಿರಿಯನಾದರೆ ‘ಈ’, ಸಮಾನನಾದರೆ ‘ತಾ’, ಹಿರಿಯನಾದರೆ ‘ಕೊಡು’ ಎಂದು ಬೇಡಿಕೆಯ ಮಾತನ್ನೇ ಮೂರು ಮೆಟ್ಟಿಲಾಗಿಸುತ್ತದೆ. ತುಳುವರಿಗೆ ಈ ತೊಡಕಿಲ್ಲ. ಅವರು ‘ಎಂಕ್ ಕೊರ್ಲೆ’ ಎಂದು ಕೇಳಿ ಮುಗಿಸುತ್ತಾರೆ. ದಿಗಂಬರ ಮುನಿಯ ಆಹಾರದಾನವಾದರೋ ಈ ಮೆಟ್ಟಿಲನ್ನು ತಲೆಕೆಳಗು ಮಾಡುತ್ತದೆ. ಶ್ರಾವಕ, ಅಂದರೆ ಗೃಹಸ್ಥನಾದ ಜೈನ, ಮನೆಯ ಮುಂದೆ ನಿಂತು ಮುನಿಯನ್ನು ಬರಮಾಡಿಕೊಂಡು, ಎತ್ತರದ ಆಸನವಿತ್ತು, ಕಾಲು ತೊಳೆದು, ಅರ್ಚಿಸಿ, ನಮಸ್ಕರಿಸಿ, ತನ್ನ ಮನ, ವಚನ, ಕಾಯ ಹಾಗೂ ಆಹಾರ ಶುದ್ಧವೆಂದು ಹೇಳಿದ ಮೇಲೆಯೇ, ನಿಂತಿರುವ ಮುನಿಯ ಬೊಗಸೆಗೆ ತುತ್ತು ಬೀಳುತ್ತದೆ. ಇಲ್ಲಿ ಕೈಯೊಡ್ಡಿದವನೇ ಹಿರಿಯ, ಕೊಡುವವನೇ ಋಣಿ. ಹಾಗಿದ್ದರೂ ಕೊಡದ ತುತ್ತನ್ನು ಮುನಿ ತಾನಾಗಿ ಎತ್ತಿಕೊಳ್ಳುವಂತಿಲ್ಲ, ಏಕೆಂದರೆ ಕೊಡದೆ ತೆಗೆದುಕೊಳ್ಳುವುದು ಅದತ್ತಾದಾನ, ಅದುವೇ ಕಳವು.

ಶಾಸ್ತ್ರದಾನದ ಸ್ವರೂಪ ಬೇರೆ. ಅನ್ನ ಕೊಟ್ಟರೆ ಕೊಟ್ಟವನಲ್ಲಿ ಅಷ್ಟು ಕಡಿಮೆಯಾಗುತ್ತದೆ. ಶಾಸ್ತ್ರ ಕೊಟ್ಟರೆ ಕೊಟ್ಟವನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಳ, ಜಯಧವಳ, ಮಹಾಧವಳ ಎಂಬ ತಾಳೆಗರಿಯ ಗ್ರಂಥಗಳು ಹುಟ್ಟಿದ್ದೂ ಬೆಳೆದದ್ದೂ ಇಂಥ ದಾನದಿಂದಲೇ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆ ಆಗಮಜ್ಞಾನವೂ ಅಳಿದೀತೆಂದು ಅಂಜಿ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರು; ಅವರು ರಚಿಸಿದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 72,000 ಶ್ಲೋಕ ಪ್ರಮಾಣದ ಧವಳ ಟೀಕೆಯನ್ನು ಬರೆದರು; ಕಷಾಯಪ್ರಾಭೃತ ಎಂಬ ಇನ್ನೊಂದು ಆಗಮಗ್ರಂಥದ ಮೇಲೆ ಅವರು ಆರಂಭಿಸಿದ ಜಯಧವಳ ಟೀಕೆಯನ್ನು ಶಿಷ್ಯರಾದ ಜಿನಸೇನರು 837ರಲ್ಲಿ ಮುಗಿಸಿದರು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಧವಳದ ಪ್ರತಿಯನ್ನು ದೇಮಿಯಕ್ಕ ಎಂಬ ಮಹಿಳೆ ಶುಭಚಂದ್ರ ಸಿದ್ಧಾಂತದೇವರಿಗೂ, ಮಹಾಧವಳದ ಪ್ರತಿಯನ್ನು ಮಲ್ಲಿಕಬ್ಬೆ ಮಾಘನಂದಿ ಮುನಿಗೂ ಒಪ್ಪಿಸಿದರೆಂದು ಪ್ರಶಸ್ತಿಗಳು, ಎಂದರೆ ಗ್ರಂಥಾಂತ್ಯದ ಬರಹಗಳು, ತಿಳಿಸುತ್ತವೆ. ವ್ರತದ ಉದ್ಯಾಪನೆಗೆ ಗ್ರಂಥ ಬರೆಸಿ ಕೊಡುವುದು ಅಂದಿನ ಶ್ರಾವಕಿಯರಿಗೆ ಸಹಜವಾದ ಸಂಗತಿಯಾಗಿತ್ತು.

ಹೀಗೆ ದಾನವಾಗಿ ಬಂದ ಗ್ರಂಥಗಳು ಕಾಲಾಂತರದಲ್ಲಿ ದರ್ಶನದ ವಸ್ತುಗಳಾದವು. ಯಾತ್ರಿಕರು ನೋಡಿ ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಇದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ಅನ್ಯಾಯ. ಸಿದ್ಧಾಂತರಹಸ್ಯದ ಅಧ್ಯಯನಕ್ಕೆ ಗೃಹಸ್ಥನಿಗೆ ಅಧಿಕಾರವಿಲ್ಲವೆಂದು ವಸುನಂದಿಯ ಶ್ರಾವಕಾಚಾರದಂಥ ಗ್ರಂಥಗಳೇ ವಿಧಿಸಿದ್ದವು, ಮುದ್ರಣದಿಂದ ಶಾಸ್ತ್ರಕ್ಕೆ ಅವಿನಯವಾಗುತ್ತದೆಂಬ ಭಯವೂ ಪ್ರಾಮಾಣಿಕವಾದದ್ದೇ. ಆದರೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಇದೇ ಆಗಮದ ಸಾರವನ್ನು ಗೊಮ್ಮಟಸಾರವಾಗಿ ಹಿಂಡಿಕೊಟ್ಟದ್ದು ಗಂಗರ ಮಂತ್ರಿಯೂ ಗೃಹಸ್ಥನೂ ಆಗಿದ್ದ ಚಾವುಂಡರಾಯನಿಗಾಗಿ ಎಂಬುದನ್ನು ನೆನೆದರೆ ಆ ನಿಷೇಧದ ಬಿಗಿ ಸಡಿಲುತ್ತದೆ. ಅದಕ್ಕಿಂತ ಮುಖ್ಯವಾಗಿ, ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮ, ಅಂದರೆ ಆತ್ಮದ ಅರಿವನ್ನು ಮುಚ್ಚುವ ಕರ್ಮ, ಒಳಹರಿಯಲು ಕಾರಣವಾಗುವ ದೋಷಗಳನ್ನು ಹೇಳುವಾಗ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಸೇರಿಸುತ್ತದೆ: ತಿಳಿದದ್ದನ್ನು ಬಚ್ಚಿಡುವುದು, ಯೋಗ್ಯನಿಗೂ ಕೊಡದಿರುವುದು, ಕಲಿಕೆಗೆ ಅಡ್ಡಿಯಾಗುವುದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗರಿಗಳು ಶಿಥಿಲವಾಗುತ್ತಿವೆಯೆಂಬ ಕಳವಳದಿಂದ, ಪ್ರತಿ ಹೊರಗೆ ಹೋಗಬಾರದೆಂಬ ಕರಾರಿನ ಮೇಲೆ ಪ್ರತಿಲಿಪಿಯ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೊಡನೆ ಆ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಉಳಿಸಿಕೊಂಡರು. ಗುಟ್ಟಿನಿಂದ ಗುಟ್ಟು ಹುಟ್ಟಿ ಪ್ರತಿಗಳು ಹಲವು ಊರುಗಳಿಗೆ ಹರಡಿದವು.

ಇದು ಕಳವೇ? ಪೂಜ್ಯಪಾದರು ಕೊಡುವ ಒಂದು ದೃಷ್ಟಾಂತ ಇಲ್ಲಿ ನೆರವಾಗುತ್ತದೆ. ಊರಿನ ಬೀದಿ ಬಾಗಿಲುಗಳನ್ನು ಹಾದುಹೋಗುವ ಭಿಕ್ಷುವಿಗೆ ಕೊಡದುದನ್ನು ಪಡೆದ ದೋಷ ತಟ್ಟುವುದಿಲ್ಲ, ಏಕೆಂದರೆ ಅವು ಎಲ್ಲರಿಗೂ ತೆರೆದವು. ಮುಚ್ಚಿದ ಬಾಗಿಲನ್ನು ಮಾತ್ರ ಅವನು ಹೊಗುವುದಿಲ್ಲ. ಸಿದ್ಧಾಂತ ಬಸದಿಯ ಬಾಗಿಲು ಮುಚ್ಚಿತ್ತು, ಕರಾರೂ ಸ್ಪಷ್ಟವಾಗಿತ್ತು. ಕದ್ದ ಮಾಲನ್ನು ಪಡೆಯುವುದನ್ನೂ ಅಚೌರ್ಯವ್ರತದ ಅತಿಚಾರ, ಅಂದರೆ ವ್ರತದ ಲೋಪ, ಎಂದೇ ಸೂತ್ರ ಎಣಿಸುವುದರಿಂದ ಸಹಾರನಪುರವೂ ಹೊರಗುಳಿಯಲಾರದು. ಫಲ ಒಳ್ಳೆಯದಾಯಿತೆಂಬ ಕಾರಣಕ್ಕೆ ಗಜಪತಿಗಳ ಕೃತ್ಯವನ್ನು ಶಾಸ್ತ್ರದಾನವೆನ್ನಲು ಬರುವುದಿಲ್ಲ: ದಾನವೆಂದರೆ ತನ್ನದನ್ನು ಬಿಡುವುದು, ಅವರು ಬಿಟ್ಟದ್ದು ತಮ್ಮದಲ್ಲ. ಹಾಗೆಂದು ಬಚ್ಚಿಟ್ಟವರ ದೋಷ ಇದರಿಂದ ಅಳಿಯುವುದೂ ಇಲ್ಲ. ಕರ್ಮಸಿದ್ಧಾಂತದಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬನ ತಪ್ಪಿಗೆ ವಜಾ ಹಾಕುವ ಪದ್ಧತಿಯಿಲ್ಲ.

ನಿಜವಾದ ದಾನ ನಡೆದದ್ದು ಆಮೇಲೆ. ಹೀರಾಲಾಲ್ ಜೈನ್ ಅವರು ಆ ಪ್ರತಿಗಳನ್ನೇ ಆಧರಿಸಿ 1939ರಲ್ಲಿ ಅಮರಾವತಿಯಿಂದ ಧವಳದ ಮೊದಲ ಸಂಪುಟವನ್ನು ಹೊರತಂದ ಬಳಿಕ, ಮೂಡುಬಿದಿರೆಯವರು ಮನಸ್ಸು ಬದಲಿಸಿ ಮೂಲ ತಾಳೆಗರಿಗಳೊಡನೆ ಪಾಠವನ್ನು ಹೋಲಿಸಿ ನೋಡಲು ಒಪ್ಪಿಗೆಯಿತ್ತರು. ಅದರ ಅಗತ್ಯವೆಷ್ಟಿತ್ತೆಂಬುದನ್ನು ಮೊದಲ ಖಂಡದ 93ನೆಯ ಸೂತ್ರವೊಂದೇ ತೋರಿಸುತ್ತದೆ. ಸ್ತ್ರೀಯರಿಗೆ ಯಾವ ಗುಣಸ್ಥಾನಗಳು, ಅಂದರೆ ಆತ್ಮವಿಕಾಸದ ಹಂತಗಳು, ಸಾಧ್ಯವೆಂದು ಹೇಳುವ ಆ ಸೂತ್ರದಲ್ಲಿ ಪ್ರತಿಗಳಿಂದ ‘ಸಂಜದ’, ಅಂದರೆ ಸಂಯತ ಎಂಬ ಪದ ಬಿಟ್ಟುಹೋಗಿತ್ತು. ಪದವಿದ್ದರೆ ಪೂರ್ಣ ಸಂಯಮದ ಹಂತವೂ ಎಣಿಕೆಗೆ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ಅದು ದ್ರವ್ಯಸ್ತ್ರೀಗೆ, ಎಂದರೆ ದೇಹದಿಂದ ಹೆಣ್ಣಾದವಳಿಗೆ, ಸಲ್ಲುವುದೋ ಭಾವಕ್ಕಷ್ಟೇ ಸಲ್ಲುವುದೋ ಎಂಬ ವಾದ ಪಂಡಿತರಲ್ಲಿ ವರ್ಷಗಟ್ಟಲೆ ನಡೆಯಿತು. ಮೂಡುಬಿದಿರೆಯ ತಾಳೆಗರಿಯಲ್ಲಿ ಆ ಪದ ಇತ್ತು.