ರುಚಿಯೂ ನಿಯಮವೂ



ನಾಲಿಗೆಗೆ ಹಿತವಾದುದನ್ನು ಉಂಡು ಸಂತೋಷಪಡುವುದು ಶ್ರಾವಕನಿಗೆ ದೋಷವೇ? ರಸನೇಂದ್ರಿಯವನ್ನು ಗೆಲ್ಲಬೇಕೆಂದು ಪ್ರವಚನದಲ್ಲಿ ಕೇಳುತ್ತೇವೆ. ಮನೆಗೆ ಬಂದರೆ ಹೋಳಿಗೆಯ ಪರಿಮಳವು ಬಾಗಿಲಲ್ಲೇ ಎದುರುಗೊಳ್ಳುತ್ತದೆ. ಇವೆರಡರ ನಡುವೆ ನಮ್ಮಲ್ಲಿ ಅನೇಕರು ಸುಲಭವಾದ ಒಪ್ಪಂದವೊಂದನ್ನು ಮಾಡಿಕೊಂಡಿದ್ದಾರೆ. ದಶಲಕ್ಷಣ ಪರ್ವದ ಹತ್ತು ದಿನ ಏಕಾಶನ, ಉಪವಾಸ. ಉಳಿದ ದಿನಗಳಿಗೆ ಲೆಕ್ಕವಿಲ್ಲ. ವರ್ಷವಿಡೀ ಉದ್ರಿ ಬರೆಸಿ ಹತ್ತು ದಿನಗಳಲ್ಲಿ ಖಾತೆ ಚುಕ್ತಾ ಮಾಡಲು ಹೊರಟಂತೆ ಇದು. ದೇಹವು ಅಂತಹ ಖಾತೆಯನ್ನು ಒಪ್ಪುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕುಳಿತೇ ದುಡಿಯುವ ನಮ್ಮ ಸಮಾಜದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳಿಲ್ಲದ ಮನೆಯನ್ನು ಹುಡುಕಬೇಕಾಗಿದೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳನ್ನು ಹೇಳಿದೆ. ಮೊದಲನೆಯದು ಅನಶನ, ಅಂದರೆ ಉಪವಾಸ. ಅದರ ಬೆನ್ನಿಗೇ ಅವಮೌದರ್ಯ, ಅಂದರೆ ಹಸಿವಿಗಿಂತ ಸ್ವಲ್ಪ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರಕ್ಕೆ 32 ತುತ್ತು, ಸ್ತ್ರೀಗೆ 28 ತುತ್ತು ಎಂದು ಆಚಾರ್ಯರು ಎಣಿಸಿಟ್ಟರು; ಅದರಲ್ಲಿ ಒಂದು ತುತ್ತು ಬಿಟ್ಟರೂ ಅದು ತಪಸ್ಸೇ. ಉಪವಾಸ ಮಾಡಿದವರ ಹೆಸರು ಫಲಕದ ಮೇಲೆ ಬರುತ್ತದೆ, ಮೆರವಣಿಗೆಯೂ ನಡೆಯುತ್ತದೆ. ಇನ್ನೊಂದು ರೊಟ್ಟಿ ಬೇಡವೆಂದು ಎದ್ದವನಿಗೆ ಹಾರ ಹಾಕುವವರಿಲ್ಲ. ಆದರೆ ದಿನನಿತ್ಯ ಮಾಡಬಹುದಾದದ್ದು ಈ ಎರಡನೆಯದೇ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುತ್ತ ಗೃಹಸ್ಥರಿಗೆ ದೊಡ್ಡ ಉಪಕಾರ ಮಾಡಿದ್ದಾರೆ. ಜೀವನಪರ್ಯಂತದ ತ್ಯಾಗವು ಯಮ, ಕಾಲಮಿತಿಯುಳ್ಳದ್ದು ನಿಯಮ. ಇಂದು ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ತನ್ನ ಶಕ್ತಿಗೆ ತಕ್ಕಂತೆ ಹಿಡಿಯಬಹುದು. ಯಾವುದಕ್ಕೆ ಮಿತಿ ಹಾಕಬೇಕೆಂಬ ಪಟ್ಟಿಯಲ್ಲಿ ಮೊದಲು ಭೋಜನವಿದೆ, ಮರುಕ್ಷಣವೇ ವಾಹನವಿದೆ. ಇದನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಇಂದಿನ ವೈದ್ಯರು ಹೇಳುವ ಎರಡೂ ಮಾತುಗಳು, ಮಿತವಾಗಿ ಉಣ್ಣಿ, ನಡೆಯಿರಿ ಎಂಬುವು, ಒಂದೇ ಸಾಲಿನಲ್ಲಿ ಕುಳಿತಿವೆ. ಇಂದು ಬಸದಿಗೆ ಸ್ಕೂಟರ್ ಬೇಡ ಎಂಬುದೂ ಹಾಗಾದರೆ ಒಂದು ನಿಯಮವಾಯಿತು. ಮುನಿಗಳು ಹಗಲಿನಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ನಡೆಯುತ್ತಾರೆ. ನಾವು ಅರ್ಧ ಮೈಲು ಹಾಗೆ ನಡೆದರೆ ಇರುವೆಯೂ ಉಳಿಯುತ್ತದೆ, ಮೊಣಕಾಲೂ ಸಡಿಲವಾಗುತ್ತದೆ. ಜೊತೆಗೆ ಮೊಮ್ಮಕ್ಕಳಿದ್ದರೆ ಆ ದಾರಿ ಎಷ್ಟು ಬೇಗ ಮುಗಿಯಿತೆಂದೇ ತಿಳಿಯುವುದಿಲ್ಲ.

ಇನ್ನು ರುಚಿಯ ಮಾತು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಜೋಳ ಪ್ರಸಿದ್ಧ. ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪೇಟೆಯವರು ಜೋಳವನ್ನು ಹೊಸದಾಗಿ ಕಂಡುಹಿಡಿದಂತೆ ಮಾತನಾಡಿದರು! ಕನ್ನಡದವರಿಗೆ ರೊಟ್ಟಿ, ಮರಾಠಿಯವರಿಗೆ ಭಾಕರಿ, ಗುಜರಾತಿ ಬಂಧುಗಳಿಗೆ ರೋಟಲಾ. ಹೆಸರು ಬೇರೆ, ಬಡಿಯುವ ಕೈ ಒಂದೇ. ಬಿಸಿ ರೊಟ್ಟಿ, ಹೆಸರುಬೇಳೆ, ಹೀರೇಕಾಯಿ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಇದರಲ್ಲಿ ಕಂದಮೂಲವಿಲ್ಲ, ಬೆಳ್ಳುಳ್ಳಿಯಿಲ್ಲ, ರುಚಿಗೆ ಕೊರತೆಯೂ ಇಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೆ ಬೇಳೆಕಾಳುಗಳಿವೆ. ಅಂಗಡಿಯಿಂದ ಬೇಗ ಏಳಲಾಗದವರು ಡಬ್ಬಿ ತರಿಸಿಕೊಂಡು ಸೂರ್ಯಾಸ್ತಕ್ಕೆ ಮೊದಲು ಉಂಡರೆ ವ್ರತವೂ ಉಳಿಯುತ್ತದೆ, ಉಂಡು ಮಲಗುವುದರ ನಡುವೆ ಮೂರು ನಾಲ್ಕು ಗಂಟೆಯ ಬಿಡುವೂ ಸಿಗುತ್ತದೆ.

ಸ್ವಾಧ್ಯಾಯ ಮಾಡಿದವರು ಇಲ್ಲಿ ಆಕ್ಷೇಪಿಸಬಹುದು: ರುಚಿಯನ್ನು ಹೊಗಳಿದರೆ ರಾಗವನ್ನೇ ಬೆಳೆಸಿದಂತಾಗಲಿಲ್ಲವೇ? ಆಕ್ಷೇಪವು ಸರಿಯಾದುದೇ. ಕೆಲವು ಮನೆಗಳಲ್ಲಿ ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ರೂಢಿಯಿದೆ. ರವಿವಾರ ಉಪ್ಪು ಬಿಟ್ಟವರಿಗೆ ಸೋಮವಾರದ ಬೇಳೆ ಅಮೃತದಂತೆ ತೋರುತ್ತದೆ. ಹಾಗಾದರೆ ತ್ಯಾಗವು ರುಚಿಯನ್ನು ಹೆಚ್ಚಿಸಿತೇ? ಹೆಚ್ಚಿಸಿತು. ಆದರೆ ಒಂದು ರೊಟ್ಟಿಯಲ್ಲಿ ತೃಪ್ತಿ ಕಂಡವನ ರಾಗವೂ ನಾಲ್ಕು ಉಂಡು ಐದನೆಯದನ್ನು ಹುಡುಕುವವನ ರಾಗವೂ ಒಂದೇ ತೂಕದವಲ್ಲ. ಮುನಿಗಳು ರಸವನ್ನು ಗೆಲ್ಲಬೇಕಾದವರು. ನಮ್ಮ ಪಾಲಿಗೆ ಬಂದಿರುವುದು ಅದನ್ನು ಕಡಿಮೆ ಮಾಡುವ ವ್ರತ. ಅನ್ನವನ್ನು ಹಳಿಯುತ್ತ ಮುಖ ಸಿಂಡರಿಸಿ ಉಣ್ಣುವುದು ವೈರಾಗ್ಯವಲ್ಲ, ಅದು ದ್ವೇಷ. ದ್ವೇಷವೂ ಬಂಧಕ್ಕೆ ಕಾರಣವೇ. ಅಲ್ಲದೆ ಬೇಸರದಿಂದ ಹಿಡಿದ ನಿಯಮವು ಹಬ್ಬ ಮುಗಿಯುತ್ತಲೇ ಬಿದ್ದುಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಧುಮೇಹಕ್ಕೆ ಔಷಧಿ ಸೇವಿಸುವ ಹಿರಿಯರು ಮಾತ್ರ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ಟ್ರಸ್ಟಿನ ಸಭೆಯಲ್ಲಿ ಉತ್ಸವದ ಊಟಕ್ಕೆ ಮೂರು ಸಿಹಿಯ ಬದಲು ಒಂದೇ ಸಿಹಿ ಸಾಕೆಂದು ನಾನು ಸೂಚಿಸಿದೆ. ದೂರದಿಂದ ಬಂದ ಸಾಧರ್ಮಿಗಳು ನಮ್ಮನ್ನು ಜಿಪುಣರೆಂದುಕೊಳ್ಳುವರು, ಅತಿಥಿ ಸತ್ಕಾರವೂ ಧರ್ಮವಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಸದ್ಯಕ್ಕೆ ಎರಡಕ್ಕೆ ಒಪ್ಪಿಗೆಯಾಗಿದೆ.