ಎದುರಾಳಿಯ ಮಾತೂ ಅಮಾನತ್ತೇ

ನಾವು ಒಪ್ಪದ ವಿಚಾರವೊಂದನ್ನು ವಿವರಿಸುವಾಗ, ಅದನ್ನು ನಂಬಿದವರು ಕೇಳಿ 'ಹೌದು, ನಾವು ಹೇಳುವುದು ಇದನ್ನೇ' ಎಂದು ತಲೆಯಾಡಿಸುವಂತೆ ವಿವರಿಸುತ್ತೇವೆಯೇ? ಅಥವಾ ಕೆಡವಲು ಸುಲಭವಾಗಲೆಂದು ಅದನ್ನು ಮೊದಲೇ ಕುಗ್ಗಿಸಿಬಿಡುತ್ತೇವೆಯೇ? ಇದು ಬರಿಯ ವಾದಕೌಶಲದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿರುವ ಪ್ರಯತ್ನವೊಂದು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ವಾಷಿಂಗ್ಟನ್ನಿನ ಡೊಮಿನಿಕನ್ ಸನ್ಯಾಸಿಗಳು 2009ರಲ್ಲಿ ಥಾಮಿಸ್ಟಿಕ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಹಾರ್ವರ್ಡ್, ಯೇಲ್‌ನಂತಹ ಕಡೆ ಅದರ ಘಟಕಗಳನ್ನು ನಡೆಸುವವರು ವಿದ್ಯಾರ್ಥಿಗಳೇ. ಸಂಸ್ಥೆಯ ನೆರವಿನಿಂದ ವಿದ್ವಾಂಸರನ್ನು ಕರೆಸಿ, ದೇವನ ಅಸ್ತಿತ್ವ, ಆತ್ಮ, ವಿಜ್ಞಾನ ಮತ್ತು ವಿಶ್ವಾಸ ಮುಂತಾದ ವಿಷಯಗಳ ಮೇಲೆ ಅವರು ಉಪನ್ಯಾಸ ಏರ್ಪಡಿಸುತ್ತಾರೆ. ಕ್ರೈಸ್ತರಲ್ಲದವರೂ ಬರಬಹುದು, ಪ್ರಶ್ನೆ ಕೇಳಬಹುದು.

ಸಂಸ್ಥೆಯ ಹೆಸರಿನ ಹಿಂದಿರುವವರು 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸ್. ಅವರ ಮಹಾಗ್ರಂಥ 'ಸುಮ್ಮಾ ಥಿಯಾಲಜಿಯೇ'ಯಲ್ಲಿ ಪ್ರತಿ ಚರ್ಚೆಯೂ ಆರಂಭವಾಗುವುದು ಎದುರು ಪಕ್ಷದ ವಾದದಿಂದ. 'ದೇವನಿದ್ದಾನೆಯೇ?' ಎಂಬಲ್ಲಿಯೂ ಮೊದಲ ಮಾತು ಇಲ್ಲವೆನ್ನುವವರದೇ: ಲೋಕದಲ್ಲಿ ಕೇಡಿದೆಯಲ್ಲ? ದೇವನನ್ನು ಒಪ್ಪದೆಯೂ ಎಲ್ಲವನ್ನೂ ವಿವರಿಸಬಹುದಲ್ಲ? ಅನಂತರವೇ ಅವರು ತಮ್ಮ ಉತ್ತರ ಹೇಳಿ, ಒಂದೊಂದು ಆಕ್ಷೇಪಕ್ಕೂ ಸಮಾಧಾನ ನೀಡುತ್ತಾರೆ. ಇಬ್ನ್ ಸೀನಾರ ವಿಚಾರಗಳಿಂದ ಅವರು ಬಹಳಷ್ಟು ಕಲಿತರು. ಇಬ್ನ್ ರುಶ್ದ್‌ರನ್ನು ಗೌರವದಿಂದ 'ವ್ಯಾಖ್ಯಾನಕಾರ' ಎಂದೇ ಕರೆದರು. ಹಾಗಿದ್ದೂ ಬುದ್ಧಿಯ ಸ್ವರೂಪದ ಕುರಿತು ಇಬ್ನ್ ರುಶ್ದ್‌ರ ನಿಲುವನ್ನು 1270ರಲ್ಲಿ ಕಟುವಾಗಿ ಖಂಡಿಸಿದರು.

ಅಕ್ವಿನಾಸ್‌ಗಿಂತ ಒಂದು ಶತಮಾನ ಮೊದಲೇ, 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರೂ ಇದೇ ದಾರಿಯಲ್ಲಿ ನಡೆದಿದ್ದರು. ದಾರ್ಶನಿಕರನ್ನು ಟೀಕಿಸಿದ 'ತಹಾಫುತ್' ಅಲ್ಲದೆ, ಅವರ ಮತವನ್ನು ಯಥಾವತ್ತಾಗಿ ವಿವರಿಸುವ 'ಮಕಾಸಿದ್' ಎಂಬ ಗ್ರಂಥವನ್ನೂ ಅವರು ರಚಿಸಿದರು. 12ನೆಯ ಶತಮಾನದಲ್ಲಿ ಅದು ಟೊಲೆಡೊದಲ್ಲಿ ಲ್ಯಾಟಿನ್‌ಗೆ ಅನುವಾದವಾದಾಗ, ಯುರೋಪಿನ ಅನೇಕರು ಗಝಾಲಿಯವರನ್ನೇ ಆ ದಾರ್ಶನಿಕರಲ್ಲೊಬ್ಬರೆಂದು ಭಾವಿಸಿದರು! ಎದುರಾಳಿಯ ಮಾತನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ದೊರೆತ ವಿಚಿತ್ರ ಪ್ರಶಸ್ತಿಯಿದು.

ಈ ಅಳತೆಗೋಲು ಹಿಡಿದರೆ ಕ್ಯಾಂಪಸ್ ಉಪನ್ಯಾಸಗಳಲ್ಲೂ ಒಂದು ಕೊರತೆ ಕಾಣುತ್ತದೆ. ಅಕ್ವಿನಾಸ್ ಆಕ್ಷೇಪಕನಿಗೆ ಮೊದಲ ಮಾತು ಕೊಟ್ಟರು. ಉಪನ್ಯಾಸದಲ್ಲಿ ಅವನಿಗೆ ದೊರೆಯುವುದು ಕೊನೆಯ ಕೆಲವು ನಿಮಿಷಗಳು. ಆದರೂ ಬಾಗಿಲು ತೆರೆದಿದೆ ಎಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಮಟ್ಟಿಗೆ ಹೇಳುವುದಾದರೆ, ನಮ್ಮನ್ನು ಕೇಳದೆಯೇ ಜಿಹಾದ್‌ನ ಅರ್ಥ ಹೇಳುವವರ ಬಗ್ಗೆ ನಾವು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದುದೇ. ಆದರೆ ತ್ರಯೇಕತ್ವದ ಕುರಿತು ಮಾತನಾಡುವ ಮುನ್ನ ಒಬ್ಬ ಕ್ರೈಸ್ತನ ವಿವರಣೆಯನ್ನು ನಾವು ಕೇಳಿದ್ದೇವೆಯೇ? ಅದನ್ನು ಒಪ್ಪಬೇಕಿಲ್ಲ, ಅರಿತು ನಿರಾಕರಿಸಬಹುದು. ಅಮಾನತ್ತೆಂದರೆ ಬರಿಯ ಹಣವಲ್ಲ. ಇನ್ನೊಬ್ಬನ ಮಾತು ನಮ್ಮ ನಾಲಗೆಗೆ ಬಂದಾಗ ಅದೂ ನಮಗೊಪ್ಪಿಸಿದ ಸೊತ್ತೇ. ಅದಕ್ಕೆ ಭಂಗ ಬಾರದಂತೆ ಕಾಯ್ದುಕೊಂಡ ಮೇಲಷ್ಟೇ ಅದನ್ನು ಖಂಡಿಸುವ ಹಕ್ಕು ನಮಗೆ ಬರುತ್ತದೆ.