ಉಮೇದುವಾರಿಕೆಯ ಋಣ



ನಗರಸಭೆ, ಪುರಸಭೆಗಳ ಚುನಾವಣೆ ಸಮೀಪಿಸಿತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಿಂದ ಮಠಕ್ಕೆ ಬರುವವರ ಸಂಖ್ಯೆ ಹೆಚ್ಚುವುದು ವಾಡಿಕೆಯಾಗಿದೆ. ಹಣ್ಣುಕಾಯಿಯ ತಟ್ಟೆಯನ್ನು ಮುಂದಿರಿಸಿ, ಕುಶಲಪ್ರಶ್ನೆಗಳು ಮುಗಿದ ಮೇಲೆ, ತುಸು ತಡವರಿಸಿ, "ಬುದ್ಧಿ, ನಮ್ಮ ವಾರ್ಡಿನ ಬಿ ಫಾರಂ ನಮಗೇ ದೊರೆಯುವಂತೆ ತಾವು ಒಂದು ಮಾತು ಹೇಳಬೇಕು" ಎನ್ನುತ್ತಾರೆ. ಈ ಬೇಡಿಕೆಯ ಹಿಂದಿರುವ ಧರ್ಮಸೂಕ್ಷ್ಮವನ್ನು ಇಲ್ಲಿ ಪರಾಮರ್ಶಿಸಬೇಕೆಂದು ನಮಗೆ ತೋರಿದೆ.

ಯೋಗ್ಯನಾದವನು ಅಧಿಕಾರವನ್ನು ಬೇಡಬಾರದು, ಅದು ತಾನಾಗಿ ಅವನನ್ನು ಅರಸಿಕೊಂಡು ಬರಬೇಕು ಎಂದು ಹೇಳುವವರುಂಟು. ಕೇಳಲು ಇಂಪಾದ ಮಾತು. ಆದರೆ ಪ್ರಜಾಪ್ರಭುತ್ವದಲ್ಲಿ ನಾಮಪತ್ರಕ್ಕೆ ತಾನೇ ರುಜು ಹಾಕದೆ ಯಾರೂ ಸದಸ್ಯರಾಗಲಾರರು. ಆಸೆಯನ್ನು ಒಳಗಿಟ್ಟುಕೊಂಡು, ಬೆಂಬಲಿಗರಿಂದ ಒತ್ತಾಯ ಮಾಡಿಸಿಕೊಂಡು, "ನನಗೇನೂ ಬೇಡವಾಗಿತ್ತು" ಎನ್ನುವುದಕ್ಕಿಂತ ನೇರವಾಗಿ ಕೇಳುವುದೇ ಲೇಸು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಸಾರ್ವಜನಿಕ ಜೀವನವನ್ನು ಮೈಲಿಗೆಯೆಂದು ಎಣಿಸಲಿಲ್ಲ. ಮೈಸೂರು ಸಂಸ್ಥಾನದ ಶಾಸನಸಭೆಯಲ್ಲಿ ಕುಳಿತರು, ಪೌರರ ಶಿಕ್ಷಣಕ್ಕಾಗಿ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅಷ್ಟೇ ಏಕೆ, ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನೇ ಹೊತ್ತಿದ್ದರು.

ಆದುದರಿಂದ ಕೇಳುವುದು ದೋಷವಲ್ಲ. ಯಾರಲ್ಲಿ, ಯಾವುದನ್ನು ಒತ್ತೆಯಿಟ್ಟು ಕೇಳುತ್ತೇವೆ ಎಂಬುದೇ ವಿಚಾರಾರ್ಹ. ನಾವು ವಟುವಾಗಿದ್ದಾಗ ಜೋಳಿಗೆ ಹೊತ್ತು ಕೋರಾನ್ನಕ್ಕೆ ಹೋಗುತ್ತಿದ್ದೆವು. ಸಿರಿವಂತನ ಮನೆಯೆಂದು ನಿಲ್ಲುವಂತಿಲ್ಲ, ಬಡವನ ಮನೆಯೆಂದು ದಾಟುವಂತಿಲ್ಲ. ಆ ದಿನಕ್ಕೆ ಸಾಕಾದೊಡನೆ ಹಿಂದಿರುಗಬೇಕು. ನೀಡಿದವರಿಗೆ ಪ್ರತಿಯಾಗಿ ಸಲ್ಲುವುದು ಆಶೀರ್ವಾದ ಮಾತ್ರ. ಬೇಡುವುದರಲ್ಲಿ ನಾಚಿಕೆಯಿಲ್ಲವೆಂಬುದನ್ನು ಅಂದೇ ಕಲಿತೆವು. ಪಕ್ಷದ ಟಿಕೆಟ್ಟನ್ನಾದರೋ ಒಂದೇ ಬಾಗಿಲಲ್ಲಿ ಬೇಡಬೇಕು, ಪ್ರತಿಫಲವು ಅಲ್ಲಿ ಮಾತಿಲ್ಲದೆಯೇ ನಿಶ್ಚಯವಾಗಿರುತ್ತದೆ. ಬಿ ಫಾರಂ ಎಂಬುದು ಕಾಗದವಷ್ಟೇ ಅಲ್ಲ, ಒಂದು ಬಗೆಯ ಮುಚ್ಚಳಿಕೆ. ಸ್ಥಳೀಯ ಸಂಸ್ಥೆಗಳಲ್ಲಿ ಪಕ್ಷಾಂತರವನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1987ರಲ್ಲಿಯೇ ಬಂದಿದೆ. ಪಕ್ಷದ ಚಿಹ್ನೆಯಿಂದ ಗೆದ್ದ ಸದಸ್ಯನು ಪಕ್ಷದ ವಿಪ್ಪನ್ನು ಮೀರಿ ಮತ ಹಾಕಿದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬೇಕಾಗಬಹುದು. ಹಣಕ್ಕೆ ಮಾರಿಕೊಳ್ಳುವವರನ್ನು ತಡೆಯಲು ಇಂಥ ಕಟ್ಟು ಬೇಕಾದದ್ದೇ; ಆದರೆ ಅದು ಸಜ್ಜನನ ಕೈಯನ್ನೂ ಕಟ್ಟುತ್ತದೆ.

ಪಕ್ಷಗಳೇ ಬೇಡವೆಂಬ ವಾದ ನಮ್ಮದಲ್ಲ. ಪಂಚಾಯತಿ ಚುನಾವಣೆಗಳಲ್ಲಿ ಪಕ್ಷಗಳು ಬಹಿರಂಗವಾಗಿ ಭಾಗವಹಿಸಲೆಂದು ಅಶೋಕ ಮೆಹತಾ ಸಮಿತಿಯು 1978ರಲ್ಲಿ ಶಿಫಾರಸು ಮಾಡಿತು. 1987ರಲ್ಲಿ ನಮ್ಮ ಜಿಲ್ಲಾ ಪರಿಷತ್ತುಗಳಿಗೆ ಪಕ್ಷಗಳ ಆಧಾರದ ಮೇಲೆಯೇ ಚುನಾವಣೆ ನಡೆಯಿತು. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯತಿ ಮಾತ್ರ ಪಕ್ಷದ ಚಿಹ್ನೆಗಳಿಂದ ಹೊರಗುಳಿಯಿತು. ಹೊರಗುಳಿದದ್ದು ಚಿಹ್ನೆಯೊಂದೇ, ಪಕ್ಷಗಳಲ್ಲ ಎಂಬುದನ್ನು ಹಳ್ಳಿಯ ಹುಡುಗರೂ ಬಲ್ಲರು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿರಿ. ನಿತ್ಯ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಗಳೇ ಜೀವ. ಎಷ್ಟೋ ವರ್ಷ ಬತ್ತಿ ಬಿರಿದಿದ್ದ ಕೋಲಾರದ ಕೆರೆಗಳಿಗೆ, ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಹರಿದು ಬಂದಿತು. ನಾಳೆ ಕೆರೆಯಂಗಳದ ಒಂದು ಭಾಗವನ್ನು ಯಾವುದೋ ಕಟ್ಟಡಕ್ಕೆ ಬಿಟ್ಟುಕೊಡುವ ಠರಾವು ಸಭೆಯ ಮುಂದೆ ಬರುತ್ತದೆ, ಪಕ್ಷವು ಕೈಯೆತ್ತಲು ಆಜ್ಞಾಪಿಸುತ್ತದೆ. ಟಿಕೆಟ್ಟಿಗಾಗಿ ಆರು ತಿಂಗಳು ನಾಯಕರ ಬಾಗಿಲು ಕಾಯ್ದವನು ಆಗ ಏನು ಮಾಡಿಯಾನು? ಆ ಕ್ಷಣದಲ್ಲಿ ಧೈರ್ಯವನ್ನು ಹೊಸದಾಗಿ ಹುಟ್ಟಿಸಿಕೊಳ್ಳಲಾಗದು. ಯಾವ ವಿಷಯ ಬಂದರೆ ಸ್ಥಾನವನ್ನು ಹಿಂದಿರುಗಿಸಿ ಮನೆಗೆ ಹೋಗಲು ಸಿದ್ಧನಿದ್ದೇನೆ ಎಂಬುದನ್ನು ಫಾರಂ ಕೇಳುವ ಮುನ್ನವೇ ನಿಶ್ಚಯಿಸಿಕೊಂಡಿರಬೇಕು. ಹಾಗೆ ನಿಶ್ಚಯಿಸಿಕೊಂಡವನಿಗೆ ಮಾತ್ರ ಕೇಳುವ ಅಧಿಕಾರವುಂಟೆಂದು ನಮ್ಮ ಅಭಿಮತ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ತಿಳಿದುದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. ಆಯ್ದು ತಂದುದಕ್ಕೆ ಆ ತಾಯಿ ಆಕ್ಷೇಪಿಸಲಿಲ್ಲ, ಅದು ಅವರ ಕಾಯಕವೇ ಆಗಿತ್ತು. ಮರಳಿಸಲಾಗದಂಥ ಆಸೆಯನ್ನು ಅವರು ಒಪ್ಪಲಿಲ್ಲ. ಬಸವಣ್ಣನವರೂ ಸಮಯ ಬಂದಾಗ ಕಲ್ಯಾಣದ ಅಧಿಕಾರವನ್ನು ತೊರೆದು ನಡೆದರು.

ಇನ್ನು ನಮ್ಮದೇ ಒಂದು ತಪ್ಪನ್ನು ಮರೆಮಾಚದೆ ಹೇಳಬೇಕು. ಬಹಳ ವರ್ಷಗಳ ಹಿಂದೆ ಭಕ್ತರೊಬ್ಬರ ಒತ್ತಾಯಕ್ಕೆ ಮಣಿದು ಒಂದು ಪಕ್ಷದ ಮುಖಂಡರಿಗೆ ಶಿಫಾರಸು ಪತ್ರ ಬರೆದೆವು. "ನಮ್ಮ ಸಮಾಜಕ್ಕೂ ಒಂದು ಸ್ಥಾನ ಬೇಡವೇ, ಬುದ್ಧಿ?" ಎಂಬುದು ಅವರ ವಾದ. ಈ ಗಡಿಸೀಮೆಯಲ್ಲಿ ನಮ್ಮವರ ಸಂಖ್ಯೆ ಅಲ್ಪ. ಆ ಮಾತು ನಮ್ಮ ಮನಸ್ಸಿಗೂ ನಾಟಿತು. ಅದೇ ವಾರ್ಡಿನಲ್ಲಿ ಮತ್ತೊಬ್ಬರಿದ್ದರು. ಬರಗಾಲದಲ್ಲಿ ಕೇರಿಕೇರಿಗೂ ಟ್ಯಾಂಕರ್ ನೀರು ಸಮನಾಗಿ ಸಲ್ಲುವಂತೆ ಚೀಟಿ ಬರೆದು ನಿಂತು ಹಂಚಿಸಿದವರು, ನಮ್ಮ ಸಮಾಜದವರಲ್ಲ, ಆದರೂ ಮಠದ ಪ್ರತಿ ಜಾತ್ರೆಗೂ ಬರುತ್ತಿದ್ದವರು. ಅವರೂ ಅದೇ ಟಿಕೆಟ್ಟನ್ನು ಕೇಳಿದ್ದರೆಂಬುದು ನಮಗೆ ತಿಳಿದದ್ದು ಪತ್ರ ಹೋದ ಮೇಲೆ. ಅನಂತರ ಅವರು ಮಠದ ಹೊಸ್ತಿಲು ತುಳಿಯಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ವಾರ್ಡಿನ ನಲ್ಲಿಯ ಮುಂದಿನ ಸಾಲಿಗಿಲ್ಲದ ಸಮಾಜಭೇದವು ನಮ್ಮ ಪತ್ರದಲ್ಲಿ ನುಸುಳಿತ್ತು. ನಾವು ನೀಡಿದ್ದು ಆಶೀರ್ವಾದವೆಂದು ಆಗ ನಂಬಿದ್ದೆವು. ಅದು ಮಠದ ಹೆಸರನ್ನು ಒತ್ತೆಯಿಟ್ಟು ಮಾಡಿದ ಸಾಲವಾಗಿತ್ತು. ಆ ಮುಖಂಡರು ಮುಂದೆ ಬೇರೊಂದು ಕಾರ್ಯಕ್ಕೆ ನಮ್ಮ ಸಹಾಯ ಯಾಚಿಸಿದಾಗ ಅದು ಅರ್ಥವಾಯಿತು.

ಅಂದಿನಿಂದ ಪತ್ರ ಕೊಡುವ ಪದ್ಧತಿಯನ್ನು ನಿಲ್ಲಿಸಿದ್ದೇವೆ. ಬಂದವರನ್ನು ಒಂದೇ ಪ್ರಶ್ನೆ ಕೇಳುತ್ತೇವೆ: ಫಾರಂ ಮತ್ತೊಬ್ಬರ ಪಾಲಾದರೆ ಮರುದಿನ ಬೆಳಿಗ್ಗೆ ನಿಮ್ಮ ಕೇರಿಯಲ್ಲಿ ನೀವು ಮಾಡುವ ಕೆಲಸ ಯಾವುದು? ಕೆಲವರು ಥಟ್ಟನೆ ಉತ್ತರಿಸುತ್ತಾರೆ. ಕೆಲವರು ಯೋಚಿಸಿ ಹೇಳುವೆನೆಂದು ಎದ್ದು ಹೋಗುತ್ತಾರೆ. ಉತ್ತರ ಏನೇ ಇರಲಿ, ಪ್ರಸಾದ ಸ್ವೀಕರಿಸದೆ ಹೋಗಬಾರದೆಂದು ಎಲ್ಲರಿಗೂ ಹೇಳಿದ್ದೇವೆ. ಒಂದೇ ವಾರ್ಡಿನ ಎದುರಾಳಿಗಳಿಬ್ಬರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಹೋದದ್ದೂ ಉಂಟು.